ಕಲ್ಲಿಗೆ ಹತ್ತಿದ ಚಿಬ್ಬು

“ಏನ್ ನೋಡ್ಲಕತ್ತೀಯಪ್ಪಾ ಆ ಕಲ್ಲಾಗ? ಆಗಿಂದ ಮಾರಿ ಹಚ್ಚಿ ಕುಂತೀದಿ!”

ಡಿಸೆಂಬರಿನ ಒಂದು ಮುಂಜಾನೆ. ತಿಂಥಣಿಯಲ್ಲಿ ಮೋನಪ್ಪಯ್ಯನ ಗುಡಿಯ ಆಚೆ, ಕೃಷ್ಣೆಯ ದಂಡೆಯ ಗುಂಡುಕಲ್ಲುಗಳ ನಡುವೆ, ಒಂದು ಗುಂಡಿನ ಮುಂದೆ ಮೊಣಕಾಲೂರಿ ಕೂತಿದ್ದೆ. ಹೊಳೆಯಲ್ಲಿ ಅರಿವೆ ಒಗೆದುಕೊಂಡು ಬುಟ್ಟಿ ಹೊತ್ತು ಬರುತ್ತಿದ್ದ ಅಜ್ಜಿ ನನ್ನನ್ನು ಕಂಡು ನಿಂತಳು. ನನ್ನ ಬಲಗಣ್ಣಿಗೆ ಪತ್ತಾರರು ಬಂಗಾರದ ಸಣ್ಣ ಕೆಲಸ ನೋಡಲು ಸಿಕ್ಕಿಸಿಕೊಳ್ಳುವ ಗಾಜು ಇತ್ತು. ಸುರಪುರದ ಗೆಳೆಯನೊಬ್ಬನಿಂದ ಕೇಳಿ ತಂದದ್ದು. ಕಲ್ಲಿನ ಮೈತುಂಬ ಬೂದು, ಹಳದಿ, ಕಿತ್ತಳೆ ಬಣ್ಣದ ದುಂಡು ಕಲೆಗಳು. ಅವನ್ನು ತೋರಿಸಿ ಕೇಳಿದೆ: “ಇವಕ್ಕ ಏನಂತೀರಿ ಯವ್ವಾ?”

ಅವಳು ಬುಟ್ಟಿ ಇಳಿಸಿ, ಹೆಬ್ಬೆರಳಿನಿಂದ ಒಂದು ಕಲೆಯನ್ನು ತಿಕ್ಕಿ ನೋಡಿದಳು. ಅದು ಅಳಿಯಲಿಲ್ಲ. “ಚಿಬ್ಬ. ಕಲ್ಲಿಗಿ ಚಿಬ್ಬ ಹತ್ತ್ಯಾವ. ಮನಷ್ಯಾರ ಮೈಗಿ ಹತ್ತಂಗಿಲ್ಲೇನು, ಹಂಗೇ. ಗಂಧಕ ಹಚ್ಚಿದ್ರ ಹೋಗ್ತಾವ.” ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಆ ಮಾತನ್ನು ನಾನು ಎಷ್ಟು ಸಲ ಮೆಲುಕು ಹಾಕಿದ್ದೇನೋ ಲೆಕ್ಕವಿಲ್ಲ. ಈ ಜೀವಕ್ಕೆ ಜಗತ್ತೆಲ್ಲ ಇಟ್ಟುಕೊಂಡಿರುವ ಹೆಸರು ಲೈಕೆನ್. ಅದು ಗ್ರೀಕರ ಮಾತು. ಅವರಲ್ಲಿಯೂ ಮರದ ಮೇಲಿನ ಈ ಕಲೆಗೂ ಚರ್ಮದ ಮೇಲಿನ ಕಲೆಗೂ ಒಂದೇ ಹೆಸರಿತ್ತು. ನಮ್ಮ ಮೈಗೆ ಹತ್ತುವ ಚಿಬ್ಬು ಒಂದು ಶಿಲೀಂಧ್ರದ ಕೆಲಸ. ಕಲ್ಲಿಗೆ ಹತ್ತಿದ ಇದರ ಮೈಯೂ ಬಹುಪಾಲು ಶಿಲೀಂಧ್ರವೇ. ಅಜ್ಜಿ ಒಂದೇ ನೋಟಕ್ಕೆ ಗುರುತು ಹಿಡಿದಿದ್ದಳು. ಗಂಧಕದ ವಿಷಯದಲ್ಲಂತೂ ಅವಳು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ಆಮೇಲೆ ಬರುತ್ತೇನೆ.

ಪುಸ್ತಕದಲ್ಲಿ ನಾವು ಇದನ್ನು ಕಲ್ಲುಹೂವು ಎನ್ನುತ್ತೇವೆ. ನಮ್ಮ ಕಡೆಯ ಅಡುಗೆಮನೆಯಲ್ಲಿ ಇದರ ಹೆಸರು ದಗಡಫೂಲು. ಬೇಸಿಗೆಯಲ್ಲಿ ವರ್ಷದ ಮಸಾಲಿಖಾರ ಕುಟ್ಟಿಸುವಾಗ ಅವ್ವ ಲವಂಗ, ಚಕ್ಕೆ, ಮೆಣಸು ಎಲ್ಲ ಹುರಿದು ಮುಗಿಸಿ, ಕಡೆಗೆ ಒಂದು ಹಿಡಿ ದಗಡಫೂಲನ್ನು ಎಣ್ಣೆಗೆ ಹಾಕುತ್ತಿದ್ದಳು. ಒಂದು ಬದಿ ಕಪ್ಪು, ಇನ್ನೊಂದು ಬದಿ ಬೂದು, ಅಂಚೆಲ್ಲ ಸುರುಟಿಕೊಂಡ ಚಕ್ಕೆ. ಹಸಿಯಾಗಿ ಮೂಸಿದರೆ ಏನೂ ಇಲ್ಲ, ಸುಮ್ಮನೆ ಒಣ ಕಸದ ಹಾಗೆ. ಬಿಸಿ ಎಣ್ಣೆ ತಾಗಿತೋ, ಮೊದಲ ಮಳೆ ಬಿದ್ದ ಹೊಲದ ವಾಸನೆ ಮನೆ ತುಂಬುತ್ತಿತ್ತು. ಅದು ಈ ಊರಿನದಲ್ಲ; ಹಿಮಾಲಯ, ಸಹ್ಯಾದ್ರಿಗಳ ತಂಪು ಕಾಡುಗಳಲ್ಲಿ ಮರದ ತೊಗಟೆಗೂ ಬಂಡೆಗೂ ಅಂಟಿ ಬೆಳೆದದ್ದು, ಸಂತೆಗೆ ಬಂದು ನಮ್ಮ ಡಬ್ಬಿ ಸೇರಿದ್ದು. ತಿಂಥಣಿಯ ಕಲ್ಲಿನ ಮೇಲಿರುವವು ಅದರ ಬಡ ನೆಂಟರು. ಅವಕ್ಕೆ ಎಲೆಯ ಹಾಗೆ ಎದ್ದು ಹರಡುವ ಐಶ್ವರ್ಯವಿಲ್ಲ. ಬಿಸಿಲಿನ ಸೀಮೆಯಲ್ಲಿ ಬದುಕಬೇಕಾದರೆ ಕಲ್ಲಿಗೆ ಹೆಪ್ಪು ಹಾಕಿದಂತೆ ಅಂಟಿಕೊಂಡೇ ಇರಬೇಕು. ಉಗುರು ಹಾಕಿ ಕೆರೆದರೆ ಕಲ್ಲಿನ ಪುಡಿಯೂ ಜೊತೆಗೇ ಬರುತ್ತದೆ.

ಪತ್ತಾರರ ಆ ಗಾಜಿನಲ್ಲಿ ಕಂಡದ್ದನ್ನು ಹೇಳಬೇಕು. ಅಂಗೈಯಗಲದ ಒಂದು ಬೂದು ಕಲೆ. ಬರಿಗಣ್ಣಿಗೆ ಸುಣ್ಣ ಸಿಡಿದ ಹಾಗೆ. ಗಾಜು ಹಿಡಿದರೆ ಅದು ಬೇಸಿಗೆಯ ಕೆರೆಯ ತಳ: ಬಿರುಕು ಬಿಟ್ಟ ಸಾವಿರ ಪುಟ್ಟ ಹೆಂಟೆಗಳು, ಒಂದೊಂದೂ ಸಾಸಿವೆಗಿಂತ ಚಿಕ್ಕದು. ಅಲ್ಲಲ್ಲಿ ಕರಿ ಬಟ್ಟಲುಗಳು, ತುಟಿಯಂಚು ಎದ್ದಿರುವಂಥವು. ಶಿಲೀಂಧ್ರ ತನ್ನ ಬೀಜಕಣಗಳನ್ನು ಗಾಳಿಗೆ ಬಿಡುವುದು ಆ ಬಟ್ಟಲುಗಳಿಂದ. ನಾನು ಬಾಟಲಿಯ ಮುಚ್ಚಳದಿಂದ ಒಂದೇ ಒಂದು ಹನಿ ನೀರು ಬಿಟ್ಟೆ. ಹನಿ ಒಂದು ಕ್ಷಣ ಮುತ್ತಿನ ಹಾಗೆ ನಿಂತಿತು. ಆಮೇಲೆ ಹೆಂಟೆಗಳು ಅದನ್ನು ಎಳೆದುಕೊಂಡವು. ನಾನು ಉಸಿರು ಬಿಡುವಷ್ಟರಲ್ಲಿ ಬೂದು ಕರಗಿ, ಒಳಗಿನಿಂದ ಹಸಿರು ಎದ್ದು ಬಂತು. ಗರಿಕೆಯ ಹಸಿರಲ್ಲ, ನವಿಲಿನ ಕತ್ತಿನದೂ ಅಲ್ಲ. ನೆನೆಸಿದ ಹೆಸರುಕಾಳಿನ ಸಿಪ್ಪೆಯ ಹಸಿರು. ಹನಿ ಬಿದ್ದಷ್ಟೇ ಜಾಗ ಹಸಿರು, ಸುತ್ತಲೂ ಮೊದಲಿನ ಬೂದು. ಒಣಗಿದ್ದಾಗ ಇದರ ಮೇಲ್ಪೊರೆ ಮಬ್ಬು ಗಾಜು. ನೀರು ಕುಡಿದರೆ ಅದು ತಿಳಿಯಾಗುತ್ತದೆ, ಕೆಳಗಿರುವ ಪಾಚಿ ಕಾಣುತ್ತದೆ. ಆ ಪಾಚಿಗೆ ಬಿಸಿಲು ತಾಗಿ ಅಡುಗೆ ಶುರುವಾಗುತ್ತದೆ. ನೋಡುತ್ತ ಕೂತೆ. ಸೂರ್ಯ ಗುಡಿಯ ಗೋಡೆ ದಾಟಿ ಬಂದ. ಹಸಿರು ಅಂಚಿನಿಂದ ಹಿಂದೆ ಸರಿಯುತ್ತ ಸರಿಯುತ್ತ ಮತ್ತೆ ಬೂದಾಯಿತು.

ಹೀಗೆ ಸತ್ತಂತೆ ಒಣಗಿ ಮತ್ತೆ ಎದ್ದು ಕೂರುವುದು ಇದರ ದಿನಚರಿ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಈ ಬಂಡೆಗಳ ಮೇಲೆ ಬರಿಗಾಲಿಡಲಾಗದು. ಆಗ ಇದು ಉಸಿರನ್ನೂ ಹಿಡಿದುಕೊಂಡು ಬಿದ್ದಿರುತ್ತದೆ. ಇದರ ಬಳಗದ ಎರಡು ಜಾತಿಗಳನ್ನು 2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ಫೋಟಾನ್ ನೌಕೆಯಲ್ಲಿ ಕಳಿಸಿ, ಎರಡು ವಾರ ಬರಿಯ ಅಂತರಿಕ್ಷಕ್ಕೆ ಒಡ್ಡಿ ತಂದರು. ಇಳಿಸಿ ನೀರು ಕೊಟ್ಟರೆ ಮತ್ತೆ ಅಡುಗೆಗೆ ಕೂತವು.

ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಅನ್ನ ಮಾಡುತ್ತದೆ. ಇದನ್ನು 1867ರಲ್ಲಿ ಸ್ವಿಸ್ ಸಸ್ಯಶಾಸ್ತ್ರಜ್ಞ ಸೈಮನ್ ಶ್ವೆಂಡನರ್ ಹೇಳಿದಾಗ ಆ ಕಾಲದ ಲೈಕೆನ್ ಪಂಡಿತರು ಒಪ್ಪಲಿಲ್ಲ. ಒಂದು ಗಿಡವೆಂದು ಹೆಸರಿಟ್ಟು ಪಟ್ಟಿ ಮಾಡಿದ್ದು ಎರಡು ಜೀವಗಳ ಸಂಸಾರ ಎಂದರೆ ಯಾರಿಗೆ ಸಹಿಸುತ್ತದೆ? 2016ರಲ್ಲಂತೂ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಲೈಕೆನ್‌ಗಳ ಮೇಲ್ಪೊರೆಯಲ್ಲಿ ಇನ್ನೊಂದು ಶಿಲೀಂಧ್ರ, ಒಂದು ಜಾತಿಯ ಯೀಸ್ಟ್, ಅಡಗಿರುವುದನ್ನು ತೋರಿಸಿದರು. ಸಂಸಾರದಲ್ಲಿ ಮೂರನೆಯವರೂ ಇದ್ದಾರೆ. ತಿಂಥಣಿಯಂಥ ಊರಿನಲ್ಲಿ ಕೂತು ಇದನ್ನು ಓದುವಾಗ ಮನಸ್ಸು ಬೇರೆ ಕಡೆಗೆ ಹೋಗದೆ ಇರುವುದಿಲ್ಲ. ಸುರಪುರದ ಪಕ್ಕದ ದೇವರಗೋನಾಲದಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಮೌನೇಶ್ವರ, ನಮ್ಮ ಮೋನಪ್ಪಯ್ಯ, ಇಲ್ಲಿ ಬಂದು ನಿಂತವನು. ಹಿಂದೂಗಳಿಗೂ ಮುಸಲ್ಮಾನರಿಗೂ ಅವನು ಒಬ್ಬನೇ. ಜಾತ್ರೆಯಲ್ಲಿ ಅವನ ಜಯಘೋಷದಲ್ಲಿ ಪೀರನ ಹೆಸರೂ ಬರುತ್ತದೆ. ಆ ಹೋಲಿಕೆಯನ್ನು ಎಳೆಯುವ ಆಸೆ ನನಗಿಲ್ಲ. ಆ ಘೋಷ ಕೇಳುತ್ತ ಬೆಳೆದವನಿಗೆ ಎರಡು ಜೀವ ಒಂದು ಮೈ ಎಂಬ ಮಾತು ಹೊಸದೆನಿಸಲಿಲ್ಲ, ಅಷ್ಟೇ.

ಈಗ ಗಂಧಕ. ಕಲ್ಲುಹೂವಿಗೆ ಬೇರಿಲ್ಲ; ಮೈಗೆ ಮೇಣದ ಹೊದಿಕೆಯೂ ಇಲ್ಲ. ನೀರು, ಉಪ್ಪು, ಧೂಳು ಎಲ್ಲವನ್ನೂ ಗಾಳಿಯಿಂದಲೇ, ಮೈಯಿಂದಲೇ ಕುಡಿಯುತ್ತದೆ. ಒಳ್ಳೆಯದು ಕೆಟ್ಟದ್ದು ಎಂದು ಆರಿಸಿಕೊಳ್ಳುವ ದಾರಿ ಅದಕ್ಕಿಲ್ಲ. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕದ ಅನಿಲವಿರುತ್ತದೆ. ಅದನ್ನು ಕುಡಿದರೆ ಒಳಗಿನ ಪಾಚಿಯ ಹಸಿರು ಸುಟ್ಟುಹೋಗುತ್ತದೆ. ಫಿನ್ಲೆಂಡಿನ ವಿಲಿಯಂ ನೈಲಾಂಡರ್ 1866ರಲ್ಲಿ ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲಿನ ಲೈಕೆನ್‌ಗಳನ್ನು ಪಟ್ಟಿ ಮಾಡಿ, ಊರಿನ ಗಾಳಿ ಎಷ್ಟು ಆರೋಗ್ಯವಾಗಿದೆ ಎಂದು ಅಳೆಯುವ ಸಾಧನ ಇವು ಎಂದ. ಶತಮಾನ ಮುಗಿಯುವ ಹೊತ್ತಿಗೆ ಆ ಉದ್ಯಾನದಿಂದ ಅವು ಮಾಯವಾದವು. ಹೊಗೆ ತಗ್ಗಿದ ಮೇಲೆ, ಇಪ್ಪತ್ತನೆಯ ಶತಮಾನದ ಕೊನೆಗೆ, ಅದೇ ಮರಗಳಿಗೆ ಒಂದೊಂದಾಗಿ ಮರಳಿದವು. ವಿಚಿತ್ರವೆಂದರೆ ಶ್ವೆಂಡನರನ ಮಾತನ್ನು ಕೊನೆಯವರೆಗೂ ಒಪ್ಪದೆ ಹೋದವರಲ್ಲಿ ನೈಲಾಂಡರನೇ ಮುಂದಿದ್ದ. ಲೈಕೆನ್ ಏನು ಹೇಳುತ್ತದೆ ಎಂದು ಕೇಳಿಸಿಕೊಂಡವನು ಅದು ಯಾರು ಎಂಬುದನ್ನು ಕೇಳಲಾರದೆ ಹೋದ.

ನಮ್ಮಲ್ಲಿಯೂ ಈ ಕೆಲಸ ನಡೆದಿದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ನಮ್ಮ ದೇಶದ ಲೈಕೆನ್ ಅಧ್ಯಯನದ ದೊಡ್ಡ ಮನೆ. ಅಲ್ಲಿನ ವಿಜ್ಞಾನಿಗಳಾದ ನಾಯಕ, ಉಪ್ರೇತಿ ಮೊದಲಾದವರು ಲಾಲ್‌ಬಾಗಿನ ಮತ್ತು ಬೆಂಗಳೂರಿನ ಇತರ ಕಡೆಗಳ ಲೈಕೆನ್‌ಗಳನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿ, ಅವುಗಳ ಮೈಯಲ್ಲಿ ಸೇರಿದ ಭಾರಲೋಹಗಳನ್ನು ಅಳೆದು 2003ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಕುವೆಂಪು ವಿಶ್ವವಿದ್ಯಾಲಯದವರು ಮಲೆನಾಡಿನ ಕಾಡುಗಳಲ್ಲಿ ಹುಡುಕಿದರು. ನಮ್ಮ ಬಯಲಿನ ಕರಿಗಲ್ಲುಗಳ ಕಡೆಗೆ ಕಣ್ಣು ಬಿದ್ದದ್ದು ಕಡಿಮೆ.

ಹೊಗೆಯ ಕತೆ ನೇರ. ಹವೆ ಬಿಸಿಯಾಗುವ ಕತೆ ಸೂಕ್ಷ್ಮ, ನನಗೆ ರುಚಿಯೆನಿಸುವುದು ಅದೇ. ನೆದರ್‌ಲೆಂಡ್ಸಿನಲ್ಲಿ ವಾನ್ ಹೆರ್ಕ್, ಆಪ್ಟ್ರೂಟ್, ವಾನ್ ಡಾಬೆನ್ ಎಂಬ ಮೂವರು 1979ರಿಂದ ಗುರುತಿಟ್ಟ ಅವೇ ಮರಗಳ ಬಳಿಗೆ ಮತ್ತೆ ಮತ್ತೆ ಹೋಗಿ ನೋಡಿದ್ದರು. ಮೊದಮೊದಲು ಕಂಡ ಬದಲಾವಣೆಯೆಲ್ಲ ಗಂಧಕ ತಗ್ಗಿದ್ದರಿಂದ, ದನದ ಕೊಟ್ಟಿಗೆಗಳ ಅಮೋನಿಯಾ ಹೆಚ್ಚಿದ್ದರಿಂದ. 1995ರ ನಂತರದ ಎಣಿಕೆಯಲ್ಲಿ ಬೇರೊಂದು ಜಾಡು ಕಂಡಿತು: ಬೆಚ್ಚಗಿನ ನಾಡುಗಳ ಜಾತಿಗಳು ಬಂದು ಸೇರುತ್ತಿದ್ದವು, ಚಳಿಯ ನಾಡಿನವು ಹಿಂದೆ ಸರಿಯುತ್ತಿದ್ದವು. 2002ರಲ್ಲಿ ಅದನ್ನು ಪ್ರಕಟಿಸಿದರು. ಬೇಗ ಹೆಚ್ಚಿದವುಗಳಲ್ಲಿ ಟ್ರೆಂಟೆಪೋಲಿಯಾ ಎಂಬ ಕಿತ್ತಳೆ ಬಣ್ಣದ ಪಾಚಿಯನ್ನು ಒಳಗಿಟ್ಟುಕೊಂಡವು ಬಹಳ ಎಂದು ಆಮೇಲೆ ತೋರಿಸಿದರು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮರದ ಕಾಂಡಕ್ಕೂ ಗೋಡೆಗೂ ಕೇಸರಿ ಬಳಿದಂತೆ ಹರಡುತ್ತದಲ್ಲ, ಆ ಪಾಚಿಯ ಕುಲದ್ದೇ. ಆ ಕುಲ ಡಚ್ಚರ ಓಕ್ ಮರ ಹತ್ತಿತೆಂದರೆ ಅಲ್ಲಿಯ ಚಳಿಗೆ ಏನೋ ಆಗಿದೆ ಎಂದು ತಿಳಿಯಲು ಉಷ್ಣಮಾಪಕ ಬೇಕಿಲ್ಲ.

ನಮ್ಮ ಬಿಸಿಲು ಸೀಮೆಯಲ್ಲಿ ಬಿಸಿ ಹೊಸದಲ್ಲ. ಇನ್ನೊಂದು ಡಿಗ್ರಿ ಏರಿದರೆ ಕಲ್ಲಿಗೇನು ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ರಾತ್ರಿಯಲ್ಲಿದೆ. ಕಲ್ಲುಹೂವು ಹಗಲ ಬಿಸಿಲಿಗೆ ಅಂಜುವುದಿಲ್ಲ, ಒಣಗಿ ಮಲಗಿಬಿಡುತ್ತದೆ. ಅದು ಎಚ್ಚರವಾಗುವುದು ಹಸಿಯಾದಾಗ. ನಮ್ಮಲ್ಲಿ ಮಳೆಯಿಲ್ಲದ ಎಂಟು ತಿಂಗಳು ಅದನ್ನು ಹಸಿ ಮಾಡುವುದು ಚಳಿಗಾಲದ ಇಬ್ಬನಿ, ಹೊಳೆಯ ಮೇಲಿಂದ ಬರುವ ತಂಪು. ಜರ್ಮನಿಯ ಓಟೋ ಲಾಂಗೆ ಎಂಬ ವಿಜ್ಞಾನಿ ನೆಗೆವ್ ಮರುಭೂಮಿಯಲ್ಲಿ ಕೂತು ಇದನ್ನು ಅಳೆದವನು: ರಾತ್ರಿಯ ಇಬ್ಬನಿ ಕುಡಿದ ಲೈಕೆನ್, ಹೊತ್ತು ಮೂಡಿದ ಮೇಲೆ ಒಣಗುವ ಮುನ್ನ ಸಿಗುವ ಆ ಕೆಲವೇ ತಾಸುಗಳಲ್ಲಿ ದಿನದ ದುಡಿಮೆಯೆಲ್ಲ ಮುಗಿಸುತ್ತದೆ. ಆದರೆ ಹಸಿಯಾಗಿದ್ದು ಬೆಳಕಿಲ್ಲದ ಹೊತ್ತಿನಲ್ಲಿ ಅದು ಉಸಿರಾಡುತ್ತ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿರುತ್ತದೆ. ರಾತ್ರಿ ತಂಪಾಗಿದ್ದರೆ ಖರ್ಚು ಕಡಿಮೆ. ರಾತ್ರಿ ಬೆಚ್ಚಗಾದರೆ ಉಸಿರು ಬಿರುಸಾಗುತ್ತದೆ, ಖರ್ಚು ಏರುತ್ತದೆ. ಕಲ್ಲು ಸಾಕಷ್ಟು ಆರದಿದ್ದರೆ ಇಬ್ಬನಿಯೂ ಕೂಡುವುದಿಲ್ಲ, ಆಗ ಗಳಿಕೆಗೇ ಸಂಚಕಾರ. ಬಿಸಿ ನಾಡಿನ ತಗ್ಗು ಕಾಡುಗಳಲ್ಲಿ ದೊಡ್ಡ ಲೈಕೆನ್‌ಗಳು ವಿರಳವಾಗಿರುವುದಕ್ಕೆ ಈ ರಾತ್ರಿಯ ಲೆಕ್ಕವೇ ಒಂದು ಕಾರಣ ಎನ್ನುತ್ತಾರೆ. ಭೂಮಿಯ ಸರಾಸರಿ ಬಿಸಿ ಹತ್ತೊಂಬತ್ತನೆಯ ಶತಮಾನದ ಕೊನೆಯರ್ಧದಿಂದ 2011-2020ರ ದಶಕಕ್ಕೆ ಸುಮಾರು 1.1 ಡಿಗ್ರಿ ಏರಿದೆ. ಆ ಒಂದು ಡಿಗ್ರಿಯ ಅರ್ಥ ನನ್ನ ಮನಸ್ಸಿಗೆ ಇಳಿದದ್ದು ಅಂಕಿಯನ್ನು ಓದಿದಾಗ ಅಲ್ಲ, ಬೆಳಗಿನ ಏಳಕ್ಕೆ ಈ ಗುಂಡನ್ನು ಮುಟ್ಟಿ, ಇಂದು ಕಲ್ಲು ಬೆವರಿದೆಯೋ ಇಲ್ಲವೋ ಎಂದು ನೋಡುವುದನ್ನು ರೂಢಿ ಮಾಡಿಕೊಂಡಾಗ.

ಹಸಿಯಾಗುವ ಬಗೆಯಲ್ಲೂ ಭೇದವಿದೆ. ಲಾಂಗೆ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದ್ದು ಇದು: ಹಸಿರು ಪಾಚಿ ಇರುವ ಲೈಕೆನ್‌ಗೆ ತೇವದ ಗಾಳಿಯಷ್ಟೇ ಸಾಕು, ನೀಲಿಹಸಿರು ಪಾಚಿ ಇರುವುದಕ್ಕೆ ನೀರೇ ಬೇಕು. ಶಹಾಪುರದಿಂದ ಸುರಪುರಕ್ಕೆ ಬರುವ ದಾರಿಯ ಬೆಟ್ಟಗಳನ್ನು ನೋಡಿದವರಿಗೆ ಗೊತ್ತು, ಬಂಡೆಯ ನೆತ್ತಿಯಿಂದ ಕೆಳಗೆ ಮಸಿ ಸುರಿದಂತೆ ಕಪ್ಪು ಪಟ್ಟಿಗಳು ಇಳಿದಿರುತ್ತವೆ. ನಾನು ಚಿಕ್ಕಂದಿನಲ್ಲಿ ಅದನ್ನು ಮಳೆನೀರಿನ ಕೊಳೆ ಎಂದುಕೊಂಡಿದ್ದೆ. ಕೊಳೆಯಲ್ಲ, ಜೀವ. ಮಳೆ ಬಂದಾಗ ನೀರು ಹರಿಯುವ ಆ ಜಾಡಿನಲ್ಲೇ ನೀಲಿಹಸಿರು ಪಾಚಿ, ಅದನ್ನು ಒಡಲಲ್ಲಿಟ್ಟುಕೊಂಡ ಪೆಲ್ಟ್ಯುಲಾದಂಥ ಲೈಕೆನ್‌ಗಳು ನೆಲೆಸಿವೆ. ಹತ್ತಿರ ಹೋದರೆ ಹುರಿದ ಕರಿಬೇವಿನ ಚೂರುಗಳಂತೆ ಕಾಣುತ್ತವೆ. ಕಪ್ಪು ಪಟ್ಟಿ ಮಳೆಯನ್ನು ಬರೆದುಕೊಳ್ಳುತ್ತದೆ, ಬೂದು ಕಲೆ ಇಬ್ಬನಿಯನ್ನು. ಒಂದೇ ಬಂಡೆಯ ಮೇಲೆ ಎರಡು ಖಾತೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತನ್ನೂ ಹೇಳಬೇಕು. ತಿಂಥಣಿಯ ಕಲ್ಲು ಏನೇ ಹೇಳಿದರೂ ಅದರಲ್ಲಿ ಹವಾಮಾನದ ದನಿ ಯಾವುದು, ಕಾಲುವೆಯ ದನಿ ಯಾವುದು ಎಂದು ಬಿಡಿಸುವುದು ಕಷ್ಟ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಜೋಳ, ಸಜ್ಜೆ, ತೊಗರಿಯ ಸುರಪುರ ಸೀಮೆಯಲ್ಲಿ ಭತ್ತದ ಗದ್ದೆಗಳು ಬಂದವು. ಗದ್ದೆಯ ತೇವ ಗಾಳಿಗೆ ಸೇರುತ್ತದೆ, ಯೂರಿಯಾ ಹಾಕಿದ ನೆಲದಿಂದ ಅಮೋನಿಯಾ ಏಳುತ್ತದೆ. ಅಮೋನಿಯಾವನ್ನು ಉಂಡು ಕೊಬ್ಬುವ ಲೈಕೆನ್‌ಗಳಿವೆ, ಅದರಿಂದ ಸೊರಗುವವೂ ಇವೆ. ಡಚ್ಚರಿಗೆ ಬಂದ ತೊಡಕೇ ಇದು. ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಅವೇ ಮರಗಳಿಗೆ ಮರಳಿದ್ದರಿಂದ ದನಿಗಳನ್ನು ಬೇರ್ಪಡಿಸಲು ಆಯಿತು. ಒಂದು ದಿನ ಬಂದು ಫೋಟೊ ತೆಗೆದು ಹೋದವನಿಗೆ ಕಲ್ಲು ಏನನ್ನೂ ಹೇಳುವುದಿಲ್ಲ.

ಹೊಳೆಯೂ ತನ್ನ ಗೆರೆ ಎಳೆದಿದೆ. ಬ್ರಿಜ್ಜಿನ ಕಡೆಗೆ ನಿಂತು ದಂಡೆಯ ದೊಡ್ಡ ಗುಂಡುಗಳನ್ನು ನೋಡಿ: ಮೇಲ್ಭಾಗ ಹಳದಿ, ಬೂದು ಕಲೆಗಳಿಂದ ಚಿತ್ತಾರ. ಕೆಳಭಾಗ ಬೋಳು, ಉಜ್ಜಿ ತೊಳೆದ ಹಾಗೆ. ನಡುವೆ ದಾರ ಹಿಡಿದು ಎಳೆದಂತೆ ಒಂದು ಅಂಚು. ನೀರು ಆಗಾಗ ಬಂದು ದಿನಗಟ್ಟಲೆ ನಿಲ್ಲುವ, ಹೂಳು ಉಜ್ಜುವ ಎತ್ತರದವರೆಗೆ ಇವು ನೆಲೆಯೂರಲಾರವು. ಕೆ.ಜೆ. ಗ್ರೆಗರಿ ಎಂಬ ಭೂಗೋಳಶಾಸ್ತ್ರಜ್ಞ 1976ರಲ್ಲಿಯೇ ಲೈಕೆನ್‌ಗಳ ಈ ಕೆಳ ಅಂಚನ್ನು ಹಿಡಿದು ನದಿಪಾತ್ರದ ಅಳತೆ ಹೇಳಬಹುದೆಂದು ಬರೆದಿದ್ದ. 2009ರ, 2019ರ ನೆರೆಗಳನ್ನು ಕಂಡ ದಂಡೆ ಇದು. ಆ ನೆರೆ ಮುಟ್ಟಿದ ಎತ್ತರಕ್ಕೂ ಕಲೆಗಳ ಅಂಚಿಗೂ ನಡುವಿನ ಅಂತರದಲ್ಲಿ, ಎಂದೋ ಒಮ್ಮೆ ಬರುವ ನೆರೆಯನ್ನು ತಾಳಿಕೊಂಡ ಕಲೆಗಳಿವೆ. ನೆರೆಗಳು ಒತ್ತೊತ್ತಾಗಿ ಬರತೊಡಗಿದರೆ ಆ ಅಂಚು ಮೇಲಕ್ಕೆ ಸರಿಯುತ್ತದೆ. ಅಣೆಕಟ್ಟೆ ಹೊಳೆಯನ್ನು ಸೊರಗಿಸಿದರೆ ಕಲೆಗಳು ಕೆಳಕ್ಕೆ ಇಳಿಯುತ್ತವೆ, ನಿಧಾನವಾಗಿ, ವರ್ಷಕ್ಕೆ ಒಂದು ಮಿಲಿಮೀಟರೋ ಅರ್ಧವೋ.

ಈ ನಿಧಾನವೇ ನನ್ನನ್ನು ಹಿಡಿದು ಕೂರಿಸಿದ್ದು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದಾಗ ನೋಡಿ ಬರೆದದ್ದು ಅವನ್ನೇ. ನಮ್ಮವರು ಮೋರೇರ ಮನೆ ಎನ್ನುತ್ತಾರೆ. ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸಿದ ದಿನ ಅವುಗಳ ಮುಖ ಹೊಸದಾಗಿ ಸೀಳಿದ ಬೋಳು ಕಲ್ಲಾಗಿರಬೇಕು. ಇಂದು ಅವುಗಳ ಮೈತುಂಬ ಕಲ್ಲುಹೂವು. ಕಲೆಯ ಅಗಲದಿಂದ ಕಲ್ಲು ಬಯಲಾದ ಕಾಲವನ್ನು ಲೆಕ್ಕ ಹಾಕುವ ವಿದ್ಯೆಯನ್ನು ಆಸ್ಟ್ರಿಯಾದ ರೋಲಂಡ್ ಬೆಶೆಲ್ 1950ರ ಹೊತ್ತಿಗೆ ಕಟ್ಟಿಕೊಟ್ಟ. ಹಿಮಾಲಯದಲ್ಲಿ ಹಿಮನದಿಗಳು ಎಂದು ಎಲ್ಲಿಂದ ಹಿಂದೆ ಸರಿದವು ಎಂದು ತಿಳಿಯಲು ನಮ್ಮವರೂ ಅದನ್ನು ಬಳಸಿದ್ದಾರೆ. ಇಷ್ಟು ನಿಧಾನದ ಜೀವಕ್ಕೆ ಹವೆ ಬಿಸಿಯಾಗುತ್ತಿರುವ ಈಗಿನ ವೇಗ ಎಂಥದು! ಲೈಕೆನ್‌ಗಳಲ್ಲಿ ಬಹಳವಾಗಿ ಕಾಣುವ ಟ್ರೆಬೂಕ್ಸಿಯಾ ಪಾಚಿಯ ವಂಶಾವಳಿಯನ್ನು ಶಿಕಾಗೊದ ಫೀಲ್ಡ್ ಮ್ಯೂಸಿಯಂನವರು ಪರಿಶೀಲಿಸಿ 2022ರಲ್ಲಿ ಹೇಳಿದರು: ಈ ಶತಮಾನದಲ್ಲಿ ಬರಲಿರುವಷ್ಟು ಬದಲಾವಣೆಗೆ ಒಗ್ಗಿಕೊಳ್ಳಲು ಈ ಪಾಚಿಗೆ ಹಿಂದೆಲ್ಲ ಲಕ್ಷಾಂತರ ವರ್ಷ ಬೇಕಾಗಿತ್ತು. ಅಂತರಿಕ್ಷದಿಂದ ಬದುಕಿ ಬಂದ ಕುಲಕ್ಕೆ ನಮ್ಮ ಅವಸರ ದಕ್ಕುವುದೋ ಇಲ್ಲವೋ ಎಂಬ ಯೋಚನೆಗೆ ನನಗೆ ನಿದ್ದೆ ಬಾರದ ರಾತ್ರಿಗಳಿವೆ.

ಗುಂಡಿನ ಮೇಲೆ ನಾನು ಒಂದು ಗೇಣಿನ ಚೌಕ ಆರಿಸಿಕೊಂಡಿದ್ದೇನೆ. ಬಣ್ಣದಿಂದ ಗುರುತು ಹಾಕಿಲ್ಲ. ಜಾತ್ರೆಯ ಹುಡುಗರು ಎಣ್ಣೆಬಣ್ಣದಲ್ಲಿ ಹೆಸರು ಬರೆದ ಕಡೆಯೆಲ್ಲ ಕಲೆಗಳು ಉಸಿರುಗಟ್ಟಿ ಸತ್ತಿವೆ, ಆ ಪಾಪ ನನಗೆ ಬೇಡ. ಬಂಡೆಯ ಒಂದು ಬಿರುಕು, ಒಂದು ಬಿಳಿಗಲ್ಲಿನ ಎಳೆ, ಇವೇ ನನ್ನ ಗಡಿ. ಪ್ರತಿ ಡಿಸೆಂಬರಿನಲ್ಲಿ ಬಂದು, ಶಾಲೆಯ ಹುಡುಗರ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಒಂದೇ ಹೊತ್ತಿಗೆ, ಒಂದೇ ಕಡೆಯಿಂದ ಫೋಟೊ ತೆಗೆಯುತ್ತೇನೆ. ನಾಲ್ಕು ಚಳಿಗಾಲ ಕಳೆದಿವೆ. ಕಿತ್ತಳೆಯ ಕಲೆಯೊಂದು ಪಕ್ಕದ ಬೂದು ಕಲೆಗೆ ತಾಗಿದೆ. ತಾಗಿದಲ್ಲಿ ಇಬ್ಬರ ನಡುವೆ ಕೂದಲೆಳೆಯಂಥ ಕರಿ ಗಡಿ ಮೂಡಿದೆ. ಇನ್ನೊಂದರ ನಡುಭಾಗ ಉದುರಿ ಬಳೆಯ ಹಾಗಾಗಿದೆ. ಏಕೆ ಹಾಗಾಯಿತೆಂದು ಹೇಳಲು ನಾಲ್ಕು ವರ್ಷ ಸಾಲದು.

ಈ ಸಲ ಅಜ್ಜಿ ಮತ್ತೆ ಸಿಕ್ಕಳು. ಬುಟ್ಟಿ ಹೊರಲು ಈಗ ಮೊಮ್ಮಗಳು ಜೊತೆಗಿದ್ದಳು. “ನಿನ್ನ ಚಿಬ್ಬ ಎಷ್ಟು ಬೆಳದಾವಪ್ಪಾ?” ಎಂದಳು.

“ಒಂದು ಎಳ್ಳುಕಾಳಿನಷ್ಟು, ಯವ್ವಾ.”

“ನಾಕ್ ವರ್ಷಕ್ಕಾ?” ಅವಳು ನಕ್ಕಳು. ಮೊಮ್ಮಗಳು ಕೈಚಾಚಿ ಗಾಜು ಕೇಳಿದಳು. ಕಣ್ಣಿಗೆ ಸಿಕ್ಕಿಸಿಕೊಂಡು ಕಲ್ಲಿಗೆ ಮೂಗು ತಾಗುವಷ್ಟು ಬಾಗಿದಳು. ಅವಳ ಒದ್ದೆ ಜಡೆಯಿಂದ ಒಂದು ಹನಿ ಕಲೆಯ ಮೇಲೆ ಬಿತ್ತು. “ಅಯ್ಯ, ಆಯೀ, ಹಸರ ಆಗ್ಲಕತ್ತೈತಿ ನೋಡಿಲ್ಲಿ,” ಎಂದಳು.